ಗಬ್ಬರ್ ಸತ್ತನೇ, ಸಿಕ್ಕಿಬಿದ್ದನೇ?

ಜನ ಮೆಚ್ಚಿದ ಹಳೆಯ ಕತೆಯನ್ನು ಹೊಸದಾಗಿ ಹೇಳಹೊರಟವರಿಗೆ ಕಾದಿರುವುದು ಚಪ್ಪಾಳೆಯೋ ಬೈಗುಳವೋ? ರಾಮನಗರದ ಬಂಡೆಗಳಿಂದ ಮೂಡುಬಿದಿರೆಯ ಬಸದಿಯವರೆಗೆ ಒಂದು ನೋಟ.

2025ರ ಡಿಸೆಂಬರ್ 12ರಂದು ದೇಶದ ಚಿತ್ರಮಂದಿರಗಳಲ್ಲಿ 'ಶೋಲೆ' ಮತ್ತೊಮ್ಮೆ ತೆರೆ ಕಂಡಿತು. ಅದರಲ್ಲೇನೂ ವಿಶೇಷವಿಲ್ಲ ಎನ್ನಬಹುದು. 1975ರ ಆಗಸ್ಟ್ 15ರಂದು ಮೊದಲ ಬಾರಿ ಬಿಡುಗಡೆಯಾದ ಆ ಚಿತ್ರ ಕಳೆದ 50 ವರ್ಷಗಳಲ್ಲಿ ಎಷ್ಟೋ ಸಲ ಮರಳಿ ಬಂದಿದೆ. ಆದರೆ ಈ ಸಲ ಬಂದದ್ದು ಬೇರೆಯೇ ಶೋಲೆ. ಅರ್ಧ ಶತಮಾನದಿಂದ ನಾವೆಲ್ಲ ನೋಡುತ್ತ ಬಂದ ಚಿತ್ರದ ಕೊನೆಯಲ್ಲಿ ಎರಡೂ ಕೈ ಕಳೆದುಕೊಂಡ ಠಾಕೂರ್, ಗಬ್ಬರ್ ಸಿಂಗನನ್ನು ಕಾಲಿನಿಂದಲೇ ಹೊಸಕಿ ಹಾಕುವಷ್ಟರಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ಗಬ್ಬರ್ ಕಾನೂನಿನ ವಶವಾಗುತ್ತಾನೆ. ಹೊಸ ಪ್ರತಿಯಲ್ಲಿ ಪೊಲೀಸರು ಬರುವುದೇ ಇಲ್ಲ. ಮೊಳೆ ಬಡಿದ ಬೂಟಿನಿಂದ ತುಳಿದು ಠಾಕೂರ್ ಅವನನ್ನು ಕೊಂದೇ ಬಿಡುತ್ತಾನೆ.

ಇದು ನಿರ್ದೇಶಕ ರಮೇಶ್ ಸಿಪ್ಪಿ ಈಗ ಕೂತು ಹೊಸದಾಗಿ ತೆಗೆದ ದೃಶ್ಯವಲ್ಲ. ಅವರು ಮೊದಲು ಚಿತ್ರಿಸಿದ್ದೇ ಇದನ್ನು. ಹಾಗಾದರೆ ಪ್ರೇಕ್ಷಕ ಕೇಳಬೇಕಾದ ಪ್ರಶ್ನೆ ಇದು: ನಿಜವಾದ ಶೋಲೆ ಯಾವುದು? ಮಾಡಿದವರ ಮನಸ್ಸಿನಲ್ಲಿದ್ದದ್ದೋ, 50 ವರ್ಷ ಜನರ ಮನಸ್ಸಿನಲ್ಲಿ ನಿಂತದ್ದೋ?

ಸಿನಿಮಾದ ಮಟ್ಟಿಗೆ ಇದು ಹೊಸ ಪ್ರಶ್ನೆಯಂತೆ ತೋರಬಹುದು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಆಸುಪಾಸಿನಲ್ಲಿ ಬೆಳೆದವರಿಗೆ ಇದು ಬಹಳ ಹಳೆಯ ಪ್ರಶ್ನೆ. ಗೊತ್ತಿರುವ ಕತೆಯನ್ನೇ ಮತ್ತೆ ಮತ್ತೆ ನೋಡುವ, ನೋಡಿ ಜಗಳಾಡುವ ಊರುಗಳು ಇವು. ಅಲ್ಲಿಗೆ ಬರುವ ಮುನ್ನ ಶೋಲೆಯ ಕತೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಬಂಡೆಗಳ ಊರಿಗೆ ಬಂದ ಕೌಬಾಯ್

ಅಮೆರಿಕದ ಪಶ್ಚಿಮ ಭಾಗದ ಬಯಲು, ಬಂಡೆ, ಕುದುರೆ, ಬಂದೂಕು ಇವುಗಳ ಸುತ್ತ ಹೆಣೆದ ಚಿತ್ರಗಳಿಗೆ 'ವೆಸ್ಟರ್ನ್' ಎಂದು ಹೆಸರು. ನಮ್ಮವರ ಬಾಯಲ್ಲಿ ಅದು ಕೌಬಾಯ್ ಚಿತ್ರ. ಕಾನೂನು ಇನ್ನೂ ತಲುಪದ ಊರು, ಆ ಊರನ್ನು ದೋಚುವ ಖಳ, ಹೊರಗಿನಿಂದ ಬಂದು ಊರನ್ನು ಕಾಯುವ ಒಬ್ಬನೋ ಇಬ್ಬರೋ ಏಳು ಮಂದಿಯೋ ವೀರರು - ಇಷ್ಟೇ ಅದರ ಸರಕು. ಭಾರತದಲ್ಲಿ ಈ ಬಗೆಯ ಚಿತ್ರಕ್ಕೆ ದಾರಿ ಮಾಡಿದ್ದು ತೆಲುಗಿನ ನಟ ಕೃಷ್ಣ ಅವರ 1971ರ 'ಮೋಸಗಾಳ್ಳಕು ಮೋಸಗಾಡು'. ಆದರೆ ಹಳ್ಳಿಹಳ್ಳಿಗೂ ತಲುಪಿದ್ದು ಶೋಲೆ.

ಅದಕ್ಕೆ ಬೇಕಾದ ಬಂಡೆಗಳು ಸಿಕ್ಕಿದ್ದು ನಮ್ಮ ಕರ್ನಾಟಕದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ದೂರದ ರಾಮನಗರ ಅದುವರೆಗೆ ಹೆಸರಾಗಿದ್ದುದು ರೇಷ್ಮೆಗೂಡಿನ ಮಾರುಕಟ್ಟೆಗೆ. ಅಲ್ಲಿನ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಕಲಾನಿರ್ದೇಶಕ ರಾಮ್ ಯಡೇಕರ್ ಒಂದು ಇಡೀ ಹಳ್ಳಿಯನ್ನೇ ಕಟ್ಟಿಸಿದರು. ಚಿತ್ರದಲ್ಲಿ ಅದು ರಾಮಗಢ. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಮಾಡಿಸಬೇಕಾಯಿತು. 1973ರ ಅಕ್ಟೋಬರ್ 3ರಂದು ಮೊದಲ ದೃಶ್ಯದ ಚಿತ್ರೀಕರಣ ನಡೆಯಿತು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಆ ಬಂಡೆಗಳ ಮೇಲಿನ ಬಿಸಿಲು, ನೆರಳುಗಳನ್ನು ಸೆರೆಹಿಡಿದ ಬಗೆ ಇಂದಿಗೂ ಮಾತಿನ ವಸ್ತು. ಶೋಲೆಯ ನೆನಪಿಗೆ ಆ ಜಾಗದ ಒಂದು ಭಾಗವನ್ನು ಜನ 'ಸಿಪ್ಪಿ ನಗರ' ಎಂದು ಕರೆದದ್ದೂ ಉಂಟು.

ನಮ್ಮ ಕಡೆಯವರಿಗೆ ಅಂಥ ಬಂಡೆಯ ನೋಟ ಅಪರಿಚಿತವೇನಲ್ಲ. ಬೆಳ್ತಂಗಡಿಯ ಬಳಿ ತಲೆಯೆತ್ತಿ ನಿಂತ ಗಡಾಯಿಕಲ್ಲು - ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಕರೆದ ಬೆಟ್ಟ - ಯಾವ ಡಕಾಯಿತನ ಅಡಗುತಾಣಕ್ಕೂ ಕಡಿಮೆಯಿಲ್ಲದಂತಿದೆ. ಬಂಟ್ವಾಳದ ಕಾರಿಂಜ, ಮೂಡುಬಿದಿರೆ ಬಳಿಯ ಕೊಣಾಜೆಕಲ್ಲು ಕೂಡ ಅದೇ ಜಾತಿಯವು. ಶೋಲೆಯನ್ನು ಟಿ.ವಿ.ಯಲ್ಲೇ ಮೊದಲು ಕಂಡ ನಮ್ಮ ತಲೆಮಾರಿನ ಮಕ್ಕಳು ಆಟದಲ್ಲಿ ಗಬ್ಬರನ ಬೆಟ್ಟವನ್ನು ಹುಡುಕಲು ರಾಮನಗರಕ್ಕೆ ಹೋಗಬೇಕಾಗಿರಲಿಲ್ಲ.

ಕತೆಯಾದರೂ ಎಲ್ಲಿಂದ ಬಂತು? ಸಲೀಂ-ಜಾವೇದ್ ಜೋಡಿ ಬರೆದ ಶೋಲೆಯ ಹಿಂದೆ 1960ರ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಇತ್ತು. ಅದರ ಹಿಂದೆ ಜಪಾನಿನ ಅಕಿರಾ ಕುರೊಸಾವಾ ಅವರ 1954ರ 'ಸೆವೆನ್ ಸಮುರಾಯ್' ಇತ್ತು. ಠಾಕೂರನ ಮನೆಮಂದಿಯ ಕೊಲೆಯ ದೃಶ್ಯದಲ್ಲಿ ಇಟಲಿಯ ಸೆರ್ಜಿಯೋ ಲಿಯೋನೆ ನಿರ್ದೇಶಿಸಿದ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಚಿತ್ರದ ನೆರಳಿದೆ. ಗಬ್ಬರ್ ಸಿಂಗ್ ಎಂಬ ಹೆಸರು ಮಾತ್ರ ಅಪ್ಪಟ ದೇಶಿ. 1950ರ ದಶಕದಲ್ಲಿ ಚಂಬಲ್ ಕಡೆ ಆ ಹೆಸರಿನ ಡಕಾಯಿತನೊಬ್ಬನಿದ್ದ. ಹೀಗೆ ನಾವು ಮೂಲಕೃತಿ ಎಂದು ಎದೆಗೊತ್ತಿಕೊಂಡಿರುವ ಚಿತ್ರವೇ ಹಲವು ಹಳೆಯ ಕತೆಗಳ ಹೊಸ ಪಾಠ. ಇದನ್ನು ಮರೆಯಬಾರದು.

ಸೋಮವಾರದವರೆಗೆ ಕಾಯೋಣ

ಈಗ ನಂಬುವುದು ಕಷ್ಟ, ಆದರೆ ಶೋಲೆಗೆ ಮೊದಲ ದಿನಗಳಲ್ಲಿ ಸಿಕ್ಕಿದ್ದು ತಣ್ಣನೆಯ ಪ್ರತಿಕ್ರಿಯೆ. ಸುಮಾರು 3 ಕೋಟಿ ರೂಪಾಯಿ ಸುರಿದು ತಯಾರಿಸಿದ ಚಿತ್ರ ಅದು. ಆ ಕಾಲಕ್ಕೆ ಎದೆ ನಡುಗಿಸುವ ಮೊತ್ತ. ವಿಮರ್ಶಕರು ಚಿತ್ರವನ್ನು ಹಳಿದರು. ಚಿತ್ರಮಂದಿರದಲ್ಲಿ ಜನ ನಗಬೇಕಾದಲ್ಲಿ ನಗಲಿಲ್ಲ, ಚಪ್ಪಾಳೆ ತಟ್ಟಬೇಕಾದಲ್ಲಿ ತಟ್ಟಲಿಲ್ಲ. ಗಾಬರಿಗೊಂಡ ಚಿತ್ರತಂಡ ಅಮಿತಾಭ್ ಬಚ್ಚನ್ ಮನೆಯಲ್ಲಿ ಸಭೆ ಸೇರಿತು. ಅಮಿತಾಭ್ ವಹಿಸಿದ್ದ ಜಯ್ ಪಾತ್ರ ಕೊನೆಯಲ್ಲಿ ಸಾಯುವುದೇ ಸೋಲಿಗೆ ಕಾರಣವೇನೋ, ಅವನು ಬದುಕುವಂತೆ ಬದಲಾಯಿಸಿ ಮತ್ತೆ ಚಿತ್ರೀಕರಿಸೋಣ ಎಂಬ ಸಲಹೆ ಬಂತು. ಸೋಮವಾರದ ಗಳಿಕೆ ನೋಡಿ ತೀರ್ಮಾನಿಸೋಣ ಎಂದು ರಮೇಶ್ ಸಿಪ್ಪಿ ಹೇಳಿದರು. ಕೊನೆಗೂ ಬದಲಾವಣೆ ನಡೆಯಲಿಲ್ಲ.

ಸಲೀಂ-ಜಾವೇದ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಪ್ರಮುಖ ವಿತರಣಾ ವಲಯದಲ್ಲೂ ಈ ಚಿತ್ರ 1 ಕೋಟಿ ರೂಪಾಯಿ ಗಳಿಸುತ್ತದೆ ಎಂದು ಜಾಹೀರಾತು ಕೊಟ್ಟರು. ನಗಬೇಕಾದಲ್ಲಿ ಜನ ನಗದಿದ್ದುದಕ್ಕೆ ಕಾರಣ ಬೇಸರವಲ್ಲ; ಅವರು ಮೈಮರೆತು ನೋಡುತ್ತಿದ್ದರು ಎಂಬುದು ಕೆಲವೇ ವಾರಗಳಲ್ಲಿ ತಿಳಿಯಿತು. ನೋಡಿದವರು ಮತ್ತೆ ಬಂದರು, ಮಾತುಗಳನ್ನು ಬಾಯಿಪಾಠ ಮಾಡಿದರು. ಚಿತ್ರದ ಹಾಡುಗಳಂತೆಯೇ ಸಂಭಾಷಣೆಗಳ ಧ್ವನಿಮುದ್ರಿಕೆಯನ್ನೂ ಕಂಪೆನಿ ಮಾರುಕಟ್ಟೆಗೆ ತಂದಿತು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಶೋಲೆ 5 ವರ್ಷಗಳ ಕಾಲ ಓಡಿತು. 2002ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸಿದ ಆಯ್ಕೆಯಲ್ಲಿ ಭಾರತದ 10 ಶ್ರೇಷ್ಠ ಚಿತ್ರಗಳ ಪೈಕಿ ಮೊದಲ ಸ್ಥಾನ ಅದಕ್ಕೆ ಸಂದಿತು.

ಹೀಗೆ ಗಲ್ಲಾಪೆಟ್ಟಿಗೆಯ ಭಯಕ್ಕೆ ಮಣಿದು ಅಂತ್ಯ ಬದಲಾಗಲಿಲ್ಲ. ಆದರೆ ಅಷ್ಟರೊಳಗೆ ಇನ್ನೊಂದು ಭಯಕ್ಕೆ ಮಣಿದು ಅದು ಬದಲಾಗಿಯೇ ಹೋಗಿತ್ತು. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಠಾಕೂರ್ ನಿವೃತ್ತ ಪೊಲೀಸ್ ಅಧಿಕಾರಿ. ಅಂಥವನೇ ಕಾನೂನನ್ನು ಕೈಗೆತ್ತಿಕೊಂಡು ಕೊಲೆ ಮಾಡುವುದನ್ನು ತೋರಿಸಕೂಡದು ಎಂದು ಸೆನ್ಸಾರ್ ಮಂಡಳಿ ಪಟ್ಟು ಹಿಡಿಯಿತು. ಬಿಡುಗಡೆಗೆ ಕೆಲವೇ ದಿನಗಳಿದ್ದವು. ಠಾಕೂರನ ಪಾತ್ರಧಾರಿ ಸಂಜೀವ್ ಕುಮಾರ್ ಚಿತ್ರೋತ್ಸವಕ್ಕೆಂದು ಸೋವಿಯತ್ ದೇಶಕ್ಕೆ ಹೋಗಿದ್ದರು. ಅವರನ್ನು ಕರೆಸಿ, ಅವಸರದಲ್ಲಿ ಪೊಲೀಸರು ಬರುವ ದೃಶ್ಯವನ್ನು ಚಿತ್ರೀಕರಿಸಿ ಅಂಟಿಸಲಾಯಿತು. ನಾವು 50 ವರ್ಷ ನೋಡಿದ್ದು ಈ ಅಂಟಿಸಿದ ಅಂತ್ಯವನ್ನು.

ಕೈ ಸುಟ್ಟುಕೊಂಡ ವರ್ಮಾ

ಹೀಗೆ ಜನಮನದಲ್ಲಿ ನೆಲೆಗೊಂಡ ಚಿತ್ರವನ್ನು ಮತ್ತೆ ತಯಾರಿಸುವ ಸಾಹಸಕ್ಕೆ ಕೈಹಾಕಿದವರು ರಾಮ್ ಗೋಪಾಲ್ ವರ್ಮಾ. 'ಸತ್ಯ', 'ಕಂಪನಿ'ಯಂಥ ಚಿತ್ರಗಳಿಂದ ಹೆಸರು ಮಾಡಿದ್ದ ಅವರು ತಮ್ಮ ಹೆಸರನ್ನೇ ಸೇರಿಸಿ 'ರಾಮ್ ಗೋಪಾಲ್ ವರ್ಮಾ ಕೆ ಶೋಲೆ' ಎಂದು ಘೋಷಿಸಿದರು. ಇದು ತಾನು ಮೆಚ್ಚಿದ ಚಿತ್ರಕ್ಕೆ ಸಲ್ಲಿಸುವ ಗೌರವ ಎಂಬುದು ಅವರ ಮಾತು. ಶೋಲೆಯ ಹಕ್ಕುದಾರರಾದ ಸಿಪ್ಪಿ ಕುಟುಂಬದವರು ಅದನ್ನು ಒಪ್ಪಲಿಲ್ಲ. ವಿವಾದ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಶೋಲೆ ಎಂಬ ಹೆಸರನ್ನೂ ಗಬ್ಬರ್, ಠಾಕೂರ್, ಜಯ್, ವೀರು ಮುಂತಾದ ಪಾತ್ರಗಳ ಹೆಸರನ್ನೂ ಕೈಬಿಡಬೇಕಾಯಿತು. ಚಿತ್ರ 'ರಾಮ್ ಗೋಪಾಲ್ ವರ್ಮಾ ಕಿ ಆಗ್' ಆಯಿತು. ಗಬ್ಬರ್ ಬಬ್ಬನ್ ಆದ.

2007ರ ಆಗಸ್ಟ್ 31ರಂದು ಬಿಡುಗಡೆಯಾದ ಈ ಚಿತ್ರದಲ್ಲಿ ಬಂಡೆಯೂ ಇಲ್ಲ, ಬಯಲೂ ಇಲ್ಲ. ಕತೆಯನ್ನು ಮುಂಬಯಿಯ ಭೂಗತ ಲೋಕಕ್ಕೆ ಒಯ್ಯಲಾಗಿತ್ತು. ಹಿಂದೆ ಜಯ್ ಆಗಿದ್ದ ಅಮಿತಾಭ್ ಈಗ ಖಳ. ಠಾಕೂರನ ಜಾಗದಲ್ಲಿ ಮಲಯಾಳದ ಮೋಹನ್‌ಲಾಲ್. ನಟರು ಸಣ್ಣವರಲ್ಲ, ನಿರ್ದೇಶಕನೂ ಸಣ್ಣವನಲ್ಲ. ಆದರೂ ಜನ ಆ ಚಿತ್ರವನ್ನು ಗೇಲಿ ಮಾಡಿದ ರೀತಿಗೆ ಸಾಟಿಯಿಲ್ಲ. ಅದರಲ್ಲಿ ನಟಿಸಿದ್ದು ತಪ್ಪಾಯಿತು ಎಂದು ಅಮಿತಾಭ್, ಮಾಡಿದ್ದು ತಪ್ಪಾಯಿತು ಎಂದು ವರ್ಮಾ ಮುಂದೆ ಒಪ್ಪಿಕೊಂಡರು. 2015ರಲ್ಲಿ ದೆಹಲಿ ಹೈಕೋರ್ಟ್ ಹಕ್ಕುಸ್ವಾಮ್ಯ ಉಲ್ಲಂಘನೆಗಾಗಿ 10 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ತೀರ್ಪಿತ್ತಿತು.

ಇದರ ನಡುವೆ ಇನ್ನೊಂದು ವಿಚಿತ್ರ ನಡೆಯಿತು. ಶೋಲೆಯನ್ನು 3ಡಿ ರೂಪಕ್ಕೆ ತರಲು ಸಿಪ್ಪಿ ಕುಟುಂಬದ ಒಂದು ಕವಲು ಮುಂದಾದಾಗ, ಅದನ್ನು ತಡೆಯಬೇಕೆಂದು ನ್ಯಾಯಾಲಯಕ್ಕೆ ಹೋದವರು ಬೇರೆ ಯಾರೂ ಅಲ್ಲ, ನಿರ್ದೇಶಕ ರಮೇಶ್ ಸಿಪ್ಪಿಯವರೇ. ತಡೆ ಸಿಗಲಿಲ್ಲ. 2014ರ ಜನವರಿ 3ರಂದು 3ಡಿ ಶೋಲೆ ಬಂತು. ಚಿತ್ರದ ಮೇಲೆ ನಿರ್ದೇಶಕನಿಗಿರುವ ಮಮತೆ ಒಂದು, ಕಾಗದದ ಮೇಲಿರುವ ಹಕ್ಕು ಇನ್ನೊಂದು ಎಂಬುದನ್ನು ಈ ಪ್ರಕರಣ ತೋರಿಸಿತು. ಪ್ರೇಕ್ಷಕನಿಗೋ, ಮಮತೆ ಎಷ್ಟಿದ್ದರೂ ಹಕ್ಕಿನ ಕಾಗದವೇ ಇಲ್ಲ. ಅವನ ಕೈಯಲ್ಲಿರುವುದು ಟಿಕೆಟ್ ಕೊಳ್ಳುವ ಅಥವಾ ಕೊಳ್ಳದಿರುವ ಅಧಿಕಾರ ಮಾತ್ರ.

ಹಾಲಿವುಡ್ ಕಂಡುಕೊಂಡ ದಾರಿ

ಹಳೆಯ ಕೌಬಾಯ್ ಚಿತ್ರವನ್ನು ಮತ್ತೆ ತಯಾರಿಸುವಾಗ ಜನರ ಮುನಿಸನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಅಮೆರಿಕದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 1969ರ 'ಟ್ರೂ ಗ್ರಿಟ್' ಚಿತ್ರದಲ್ಲಿ ಒಕ್ಕಣ್ಣಿನ ಅಧಿಕಾರಿಯಾಗಿ ನಟಿಸಿದ್ದು ಜಾನ್ ವೇಯ್ನ್. ಕೌಬಾಯ್ ಚಿತ್ರಗಳ ರಾಜನೆನಿಸಿದ್ದ ಅವರಿಗೆ ಜೀವಮಾನದ ಏಕೈಕ ಆಸ್ಕರ್ ಬಂದದ್ದು ಆ ಪಾತ್ರಕ್ಕೆ. ಅಂಥ ಚಿತ್ರವನ್ನು 2010ರಲ್ಲಿ ಕೋಯೆನ್ ಸಹೋದರರು ಮತ್ತೆ ಕೈಗೆತ್ತಿಕೊಂಡರು. ನಾವು ಮರುರೂಪಿಸುತ್ತಿರುವುದು ಹಳೆಯ ಚಿತ್ರವನ್ನಲ್ಲ, ಅದಕ್ಕೂ ಮೂಲವಾದ ಚಾರ್ಲ್ಸ್ ಪೋರ್ಟಿಸ್ ಅವರ 1968ರ ಕಾದಂಬರಿಯನ್ನು ಎಂಬುದು ಅವರ ನಿಲುವು. ಬರಿಯ ಮಾತಾಗಿ ಉಳಿಯಲಿಲ್ಲ ಅದು. ಕಾದಂಬರಿಯಲ್ಲಿ ಕತೆ ಹೇಳುವವಳು ತಾನು 14 ವರ್ಷದ ಹುಡುಗಿಯಾಗಿದ್ದಾಗಿನ ಅನುಭವವನ್ನು ನೆನೆಯುವ ಹೆಂಗಸು. ಹೊಸ ಚಿತ್ರದಲ್ಲಿ ಅವಳ ಕಣ್ಣಿಗೇ ಹೆಚ್ಚು ಬೆಲೆ ಬಂತು. ಜಾನ್ ವೇಯ್ನ್ ಅಭಿಮಾನಿಗಳಿಗೆ ಮುನಿಯಲು ಕಾರಣ ಉಳಿಯಲಿಲ್ಲ. ಚಿತ್ರ 10 ಆಸ್ಕರ್ ನಾಮಕರಣಗಳನ್ನು ಪಡೆಯಿತು.

ಹೇಳದೆ ಕೇಳದೆ ಎತ್ತಿಕೊಂಡವರ ಕತೆಯೂ ಇದೆ. ಕುರೊಸಾವಾ ಅವರ 1961ರ 'ಯೋಜಿಂಬೊ'ವನ್ನು ಲಿಯೋನೆ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಮಾಡಿದಾಗ ಮೂಲಕ್ಕೆ ಮನ್ನಣೆ ಕೊಡಲಿಲ್ಲ. ಜಪಾನಿನ ಕಂಪೆನಿ ದಾವೆ ಹೂಡಿತು. ಗಳಿಕೆಯಲ್ಲಿ ಪಾಲು ಕೊಟ್ಟು ರಾಜಿಯಾಗಬೇಕಾಯಿತು.

ಕನ್ನಡದಲ್ಲಿ ಇನ್ನೂ ಸರಳ ದಾರಿ ತುಳಿದದ್ದುಂಟು. 1965ರ ಕಪ್ಪು ಬಿಳುಪಿನ 'ಸತ್ಯ ಹರಿಶ್ಚಂದ್ರ' 2008ರಲ್ಲೂ, 1971ರ 'ಕಸ್ತೂರಿ ನಿವಾಸ' 2014ರಲ್ಲೂ ಬಣ್ಣ ತುಂಬಿಕೊಂಡು ಬಂದವು. ಡಾ. ರಾಜಕುಮಾರ್ ಅವರ ಜಾಗದಲ್ಲಿ ಬೇರೊಬ್ಬರನ್ನು ನಿಲ್ಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಕತೆ ಅದೇ, ಮುಖ ಅದೇ, ದನಿ ಅದೇ. ಬದಲಾದದ್ದು ಬಣ್ಣ ಮಾತ್ರ.

ಮೂಡುಬಿದಿರೆಯ ಕವಿಗೆ ಬಂದ ಸಂಕಟ

ಇನ್ನು ನಮ್ಮ ಊರಿಗೆ ಬರೋಣ. ಜನ ಪೂಜಿಸುವ ಕತೆಯನ್ನು ಹೊಸದಾಗಿ ಹೇಳಿ ಪೇಚಿಗೆ ಸಿಕ್ಕಿದವರ ಪಟ್ಟಿಯಲ್ಲಿ ಬಹಳ ಹಿಂದಿನ ಹೆಸರೊಂದು ಮೂಡುಬಿದಿರೆಯಲ್ಲಿದೆ. ಅವನು ರತ್ನಾಕರವರ್ಣಿ.

ಭರತ-ಬಾಹುಬಲಿಯರ ಕತೆಯನ್ನು ಕನ್ನಡಕ್ಕೆ ತಂದು ನಿಲ್ಲಿಸಿದವನು ಪಂಪ. ಅವನ 'ಆದಿಪುರಾಣ' 941ರ ಕೃತಿ. ಅದರಲ್ಲಿ ಅಣ್ಣತಮ್ಮಂದಿರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆಯುತ್ತವೆ. ಗೆದ್ದ ಬಾಹುಬಲಿ ಗೆಲುವನ್ನೇ ತೊರೆದು ತಪಸ್ಸಿಗೆ ನಿಲ್ಲುತ್ತಾನೆ. ಸೋತ ಭರತ ನಮ್ಮ ಕಣ್ಣಲ್ಲಿ ಸಣ್ಣವನಾಗುತ್ತಾನೆ. ಆರು ಶತಮಾನಗಳ ಬಳಿಕ, 1557ರ ಸುಮಾರಿಗೆ, ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ರಚಿಸಿದ. ಸುಮಾರು 10 ಸಾವಿರ ಸಾಂಗತ್ಯ ಪದ್ಯಗಳ ಈ ಕಾವ್ಯದಲ್ಲಿ ಭರತನೇ ನಾಯಕ. ರಾಜ್ಯವನ್ನೂ ಆಳುವ, ಮನದೊಳಗೆ ಯೋಗಿಯೂ ಆಗಿರುವ ಭರತ ಅವನು. ಎಲ್ಲಕ್ಕಿಂತ ಮುಖ್ಯವಾಗಿ, ಅಣ್ಣತಮ್ಮಂದಿರ ಯುದ್ಧವನ್ನು ಕವಿ ನಡೆಯಗೊಡುವುದಿಲ್ಲ. ಕೈಕೈ ಮಿಲಾಯಿಸುವ ಮೊದಲೇ ಭರತನ ಮೆಲುಮಾತು ತಮ್ಮನ ಮನಸ್ಸನ್ನು ಕರಗಿಸುತ್ತದೆ.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಎಲ್ಲರೂ ಕಾದು ಕೂತ ಕ್ಲೈಮ್ಯಾಕ್ಸ್ ಅನ್ನೇ ಅವನು ತೆಗೆದು ಹಾಕಿದ. ಪರಿಣಾಮ ಏನಾಯಿತು? 19ನೆಯ ಶತಮಾನದ ದೇವಚಂದ್ರ ತನ್ನ 'ರಾಜಾವಳಿ ಕಥೆ'ಯಲ್ಲಿ ಒಂದು ಐತಿಹ್ಯವನ್ನು ದಾಖಲಿಸಿದ್ದಾನೆ. ಕಾವ್ಯವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಬೇಕೆಂದು ಕವಿ ಬಯಸಿದನಂತೆ. ಕೆಲವು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆ ಎಂದು ಗುರುಗಳು ಒಪ್ಪಲಿಲ್ಲವಂತೆ. ಮಾತಿಗೆ ಮಾತು ಬೆಳೆದು, ಊರಿನ ಶ್ರಾವಕರ ಮನೆಗಳಲ್ಲಿ ಅವನಿಗೆ ಊಟ ಸಿಗದಂತಾಗಿ ಅಕ್ಕನ ಮನೆಯೊಂದೇ ಗತಿಯಾಯಿತಂತೆ. ಮನನೊಂದ ಕವಿ ಜೈನಧರ್ಮವನ್ನೇ ಬಿಟ್ಟು ವೀರಶೈವನಾದ, ಮುಂದೆ ಮರಳಿ ಬಂದ ಎನ್ನುತ್ತದೆ ಕತೆ.

ಕವಿಯ ಬಳಿಕ ಸುಮಾರು ಮೂರು ಶತಮಾನ ಕಳೆದು ಬರೆದಿಟ್ಟ ಐತಿಹ್ಯ ಇದು. ಅದರ ಪ್ರತಿಯೊಂದು ಮಾತನ್ನೂ ಚರಿತ್ರೆ ಎನ್ನಲಾಗದು. ಆದರೆ ಇಂಥ ಕತೆ ಹುಟ್ಟಿತು, ಉಳಿಯಿತು ಎಂಬುದೇ ಒಂದು ಸಾಕ್ಷ್ಯ. ಪೂಜ್ಯವಾದ ಕತೆಯನ್ನು ತಿದ್ದಿದವನಿಗೆ ಪೆಟ್ಟು ಬೀಳದೆ ಇರಲಿಕ್ಕಿಲ್ಲ ಎಂದು ಜನ ಭಾವಿಸಿದ್ದರು.

ಈಗ ಇದರ ಇನ್ನೊಂದು ಮುಖ ನೋಡಿ. ಭರತೇಶ ವೈಭವ ಬಂದ ಮೇಲೆ ಬಾಹುಬಲಿ ಜನರ ಮನಸ್ಸಿನಿಂದ ಇಳಿದುಹೋದನೇ? ಇಲ್ಲ. ಅರ್ಧ ಶತಮಾನದೊಳಗೆ, 1604ರಲ್ಲಿ, ಇಂದಿನ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಅಜಿಲ ಅರಸರು 35 ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದರು. ಮೂಡುಬಿದಿರೆಯಿಂದ ವೇಣೂರಿಗೆ ಬಹಳ ದೂರವೇನಿಲ್ಲ. ಭರತನನ್ನು ಎತ್ತಿ ಹಿಡಿದ ಕಾವ್ಯವನ್ನು ಹಾಡುತ್ತಿದ್ದ ನಾಡಿನಲ್ಲೇ ಬಾಹುಬಲಿಗೆ ಮಹಾಮಸ್ತಕಾಭಿಷೇಕವೂ ನಡೆಯಿತು, 2024ರಲ್ಲೂ ನಡೆದಿದೆ. ಹೊಸ ಪಾಠದಿಂದ ಹಳೆಯದಕ್ಕೆ ಕುಂದು ಬರಲಿಲ್ಲ. ಬೈಗುಳ ತಿಂದನೆನ್ನಲಾದ ಕಾವ್ಯವನ್ನು ಇಂದು ಕನ್ನಡದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಇಟ್ಟು ಓದುತ್ತೇವೆ.

ಕೋಟಿ-ಚೆನ್ನಯರ ಹಲವು ರೂಪ

ಜಯ್-ವೀರು ಜೋಡಿಯ ಮಾತು ಬಂದಾಗ ತುಳುವರಿಗೆ ತಮ್ಮದೇ ಅವಳಿ ವೀರರು ನೆನಪಾಗದಿರುವುದಿಲ್ಲ. ಅನ್ಯಾಯದ ವಿರುದ್ಧ ಸೆಣಸಿ ಎಣ್ಮೂರಿನಲ್ಲಿ ಮಡಿದ ಕೋಟಿ-ಚೆನ್ನಯರ ಕತೆ ಮೊದಲು ಇದ್ದದ್ದು ಪಾಡ್ದನದಲ್ಲಿ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು, ಗರಡಿಯಲ್ಲಿ ಹಾಡುವವರು ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅದನ್ನು ಕನ್ನಡ ಗದ್ಯಕ್ಕೆ ತಂದರು. ಯಕ್ಷಗಾನ ಪ್ರಸಂಗವಾಯಿತು, ನಾಟಕವಾಯಿತು. 1973ರಲ್ಲಿ ವಿಶುಕುಮಾರ್ ನಿರ್ದೇಶನದಲ್ಲಿ ತುಳು ಚಲನಚಿತ್ರವಾಯಿತು. ಮೂರು ದಶಕಗಳ ಬಳಿಕ ಆನಂದ್ ಪಿ. ರಾಜು ಅದೇ ಕತೆಯನ್ನು ಮತ್ತೆ ತೆರೆಗೆ ತಂದರು. ಆ ಚಿತ್ರಕ್ಕೆ 54ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತುಳು ಚಿತ್ರದ ಗೌರವ ಸಿಕ್ಕಿತು.

ಹಳೆಯ ಚಿತ್ರವಿರುವಾಗ ಹೊಸದು ಏಕೆ ಎಂಬ ಮಾತು ಇಲ್ಲಿ ದೊಡ್ಡದಾಗಿ ಏಳುವುದಿಲ್ಲ. ಕಾರಣ ಸರಳ. ಕತೆ ಯಾವ ಒಂದು ಚಿತ್ರದ್ದೂ ಅಲ್ಲ ಎಂಬುದು ನೋಡುವವರಿಗೂ ಗೊತ್ತು, ಮಾಡುವವರಿಗೂ ಗೊತ್ತು. ಟ್ರೂ ಗ್ರಿಟ್ ಮಾಡಿದವರು ಕಾದಂಬರಿಗೆ ಮರಳಿದಂತೆ ಇಲ್ಲಿ ಎಲ್ಲರೂ ಪಾಡ್ದನಕ್ಕೆ ಮರಳಬಹುದು. ಆದರೆ ಇನ್ನೊಂದು ಎಚ್ಚರ ಇಲ್ಲಿ ಬೇಕು. ಕೋಟಿ-ಚೆನ್ನಯರು ಬರಿಯ ಕಥಾನಾಯಕರಲ್ಲ; ಗರಡಿಗಳಲ್ಲಿ ಆರಾಧನೆ ಪಡೆಯುವ ಬೈದೆರ್ಕಳರು. ಚಿತ್ರದ ಬಗ್ಗೆ ಸಾವಿರ ಮಾತಾಡಬಹುದು, ನಂಬಿಕೆಯ ಬಗ್ಗೆ ಹಗುರ ಮಾತು ಸಲ್ಲದು ಎಂಬ ಗೆರೆ ಅಲ್ಲಿದೆ.

ಆ ಗೆರೆ ಎಷ್ಟು ಸೂಕ್ಷ್ಮ ಎಂಬುದನ್ನು 'ಕಾಂತಾರ' ತೋರಿಸಿತು. 2022ರ ಸೆಪ್ಟೆಂಬರ್ 30ರಂದು ಬಂದ ಮೊದಲ ಚಿತ್ರ ದೈವಾರಾಧನೆಯನ್ನು ದೇಶಕ್ಕೆಲ್ಲ ಪರಿಚಯಿಸಿತು. 2025ರ ಅಕ್ಟೋಬರ್ 2ರಂದು ಅದರ ಹಿಂದಿನ ಕತೆಯಾಗಿ 'ಕಾಂತಾರ ಅಧ್ಯಾಯ 1' ಬಂದಾಗ, ಕೆಲವು ಊರುಗಳಲ್ಲಿ ಅಭಿಮಾನಿಗಳು ದೈವದ ವೇಷ ಹಾಕಿ ಚಿತ್ರಮಂದಿರಕ್ಕೆ ಬಂದು ಆವೇಶ ಬಂದವರಂತೆ ಕುಣಿದರು. ಕರಾವಳಿಯಲ್ಲಿ ಅಸಮಾಧಾನ ಎದ್ದಿತು. ದೈವದ ಅನುಕರಣೆ ಮಾಡಬೇಡಿ, ಅದು ನಮ್ಮ ನಂಬಿಕೆಗೆ ನೋವು ತರುತ್ತದೆ ಎಂದು ಚಿತ್ರ ತಯಾರಿಸಿದ ಸಂಸ್ಥೆಯೇ ಪ್ರಕಟಣೆ ಹೊರಡಿಸಬೇಕಾಯಿತು. ಜನ ಚಿತ್ರವನ್ನು ಮೆಚ್ಚದಿದ್ದರೆ ಒಂದು ಕಷ್ಟ. ಮಿತಿಮೀರಿ ಮೆಚ್ಚಿದರೂ ಇನ್ನೊಂದು ಕಷ್ಟ.

ಚೌಕಿಯ ಪಾಠ

ಗೊತ್ತಿರುವ ಕತೆಯನ್ನೇ ದಿನವೂ ಹೊಸದಾಗಿ ಹೇಳಿಯೂ ಜನರ ವಿಶ್ವಾಸ ಉಳಿಸಿಕೊಂಡ ಕಲೆಯೊಂದು ನಮ್ಮಲ್ಲಿದೆ. ಅದು ಯಕ್ಷಗಾನ. ಕಟೀಲು ಮೇಳದ 'ದೇವಿ ಮಹಾತ್ಮೆ'ಯನ್ನು ಹರಕೆಯಾಗಿ ಆಡಿಸುವವರು ಈ ಮೂರೂ ತಾಲೂಕುಗಳಲ್ಲಿದ್ದಾರೆ. ಮಹಿಷಾಸುರ ಸಾಯುತ್ತಾನೆ ಎಂಬುದು ಸಭೆಯಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಅವನು ದೊಂದಿಯ ಬೆಳಕಲ್ಲಿ ಸಭೆಯ ನಡುವಿನಿಂದ ಬರುವಾಗ ನಿದ್ದೆಗಣ್ಣಿನವರೆಲ್ಲ ಎದ್ದು ನಿಲ್ಲುತ್ತಾರೆ. ಧರ್ಮಸ್ಥಳ ಮೇಳದ ಆಟಕ್ಕೂ ಕತೆ ತಿಳಿಯಲೆಂದು ಯಾರೂ ಹೋಗುವುದಿಲ್ಲ.

ಯಕ್ಷಗಾನದಲ್ಲಿ ಪದ್ಯ ಕವಿಯದ್ದು, ಅರ್ಥ ಕಲಾವಿದನದ್ದು. ಪದ್ಯವನ್ನು ಮುಟ್ಟುವಂತಿಲ್ಲ, ಅರ್ಥದಲ್ಲಿ ಎಷ್ಟು ದೂರ ಬೇಕಾದರೂ ಹೋಗಬಹುದು, ಆದರೆ ಮುಂದಿನ ಪದ್ಯಕ್ಕೆ ಮರಳಿ ಬರಬೇಕು. ಏನನ್ನು ಬದಲಾಯಿಸಬಹುದು, ಏನನ್ನು ಬದಲಾಯಿಸಬಾರದು ಎಂಬುದು ರಂಗಸ್ಥಳದಲ್ಲಿರುವವನಿಗೂ ಎದುರು ಕೂತವನಿಗೂ ಒಂದೇ ರೀತಿ ಗೊತ್ತಿದೆ. ನಿನ್ನೆಯ ಕರ್ಣನಿಗಿಂತ ಇಂದಿನ ಕರ್ಣ ಸಪ್ಪೆಯಾದರೆ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಬೈಯುತ್ತಾರೆ. ಆದರೆ ಇಂದಿನವನು ಏಕೆ ಕರ್ಣನ ಪಾತ್ರ ಮಾಡಿದ ಎಂದು ಯಾರೂ ಕೇಳುವುದಿಲ್ಲ.

ಆ ಒಪ್ಪಂದ ಅಲುಗಿದಾಗ ಇಲ್ಲೂ ಸದ್ದಾಗುತ್ತದೆ. 2022ರಲ್ಲಿ ಕಟೀಲು ಮೇಳಗಳ ಆಟವನ್ನು ಇಡೀ ರಾತ್ರಿಯ ಬದಲು ಕಾಲಮಿತಿಗೆ ತರಲು ಹೊರಟಾಗ ಅಭಿಮಾನಿಗಳಿಂದ ಆಕ್ಷೇಪ ಬಂತು. ಕತೆಯ ಒಂದು ಘಟನೆಯೂ ಬದಲಾಗಿರಲಿಲ್ಲ. ಬದಲಾದದ್ದು ಹೊತ್ತು ಮಾತ್ರ. ಆದರೆ ಬೆಳಗಿನ ಜಾವದವರೆಗೆ ಎಚ್ಚರವಿರುವುದೂ ಸೇವೆಯ ಭಾಗವೆಂದು ನಂಬಿದವರಿಗೆ ಅದು ಸಣ್ಣ ಬದಲಾವಣೆಯಾಗಿರಲಿಲ್ಲ. ಯಾವುದು ಕತೆಯ ಜೀವ, ಯಾವುದು ಬರಿಯ ಹೊದಿಕೆ ಎಂಬುದನ್ನು ಮಾಡುವವರಷ್ಟೇ ನಿರ್ಧರಿಸಲಾಗದು.

ರಾಮ್ ಗೋಪಾಲ್ ವರ್ಮಾ ಎಡವಿದ್ದೂ ಇಲ್ಲೇ ಇರಬೇಕು. ಅವರು ಕತೆಯ ಘಟನೆಗಳನ್ನೆಲ್ಲ ಇಟ್ಟುಕೊಂಡರು. ಬಂಡೆಯನ್ನು, ಬಯಲನ್ನು, ಕಾನೂನು ತಲುಪದ ಹಳ್ಳಿಯ ಒಂಟಿತನವನ್ನು ಬಿಟ್ಟರು. ಪೊಲೀಸ್ ಠಾಣೆ ಕೂಗಳತೆಯಲ್ಲಿರುವ ಮಹಾನಗರದಲ್ಲಿ ಕೈಯಿಲ್ಲದ ಠಾಕೂರನ ಅಸಹಾಯಕತೆ ಯಾರಿಗೆ ಮುಟ್ಟೀತು? ಅವರು ಹೊದಿಕೆ ಎಂದು ಕಳಚಿಟ್ಟದ್ದು ಕತೆಯ ಜೀವವಾಗಿತ್ತು.

ಹಾಗಾದರೆ 2025ರ ಶೋಲೆ? ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್ ಸೇರಿ ಹಾಳಾಗಿದ್ದ ಪ್ರತಿಗಳಿಂದ ಚಿತ್ರವನ್ನು ಜೀರ್ಣೋದ್ಧಾರ ಮಾಡಿದವು. ಜೂನ್ 27ರಂದು ಇಟಲಿಯ ಬೊಲೋನ್ಯಾದ ತೆರೆದ ಚೌಕದಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ನವೆಂಬರ್ 24ರಂದು ವೀರು ಪಾತ್ರದ ಧರ್ಮೇಂದ್ರ ತೀರಿಕೊಂಡರು. ಮೂರು ವಾರ ತುಂಬುವ ಮೊದಲೇ ಚಿತ್ರ ನಮ್ಮ ಊರುಗಳಿಗೆ ಬಂತು. ಗಬ್ಬರ್ ಸಾಯುವ ಅಂತ್ಯದ ಬಗ್ಗೆ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಏಕೆಂದರೆ ಹಳೆಯದನ್ನು ಅಳಿಸಿ ಇದನ್ನು ಕೂರಿಸಲಿಲ್ಲ. ಹಿಂದೊಮ್ಮೆ ಅಧಿಕಾರ ಅಳಿಸಿದ್ದನ್ನು ಮತ್ತೆ ಬರೆದರು, ಹಾಗೆಂದು ಮೊದಲೇ ಹೇಳಿದರು. ಪೊಲೀಸರು ಬರುವ ಶೋಲೆಯೂ ಮನೆಮನೆಯಲ್ಲಿ ಹಾಗೆಯೇ ಇದೆ.

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಒಂದು ತುದಿಯಲ್ಲಿ ಯುದ್ಧವೇ ನಡೆಯಲಿಲ್ಲ ಎಂದು ಹಾಡಿದ ಕವಿಯ ಊರು, ಇನ್ನೊಂದು ತುದಿಯಲ್ಲಿ ಯುದ್ಧ ಗೆದ್ದು ಎಲ್ಲವನ್ನೂ ಬಿಟ್ಟವನ ವಿಗ್ರಹ. ಎರಡನ್ನೂ ಇಟ್ಟುಕೊಂಡು ಜನ 400 ವರ್ಷ ಬಾಳಿದ್ದಾರೆ. ಗಬ್ಬರನ ಎರಡು ಅಂತ್ಯಗಳನ್ನು ಇಟ್ಟುಕೊಳ್ಳುವುದು ಅವರಿಗೆ ಕಷ್ಟವಾಗಲಿಕ್ಕಿಲ್ಲ.